ಹನೂರಿನ ನೆತ್ತಿಯ ಮೇಲೆ ಅರ್ಧ ದಾರಿ

ದೇವನಹಳ್ಳಿಯ ಬಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಕೊಯಮತ್ತೂರಿನ ವಿಮಾನ ನಿಲ್ದಾಣಕ್ಕೆ ಭೂಪಟದ ಮೇಲೆ ನೇರವಾದ ಗೆರೆ ಎಳೆದರೆ ಅದರ ಉದ್ದ ಸುಮಾರು 250 ಕಿಲೋಮೀಟರು. ಆ ಗೆರೆಯ ನಡುಮಧ್ಯವು ಹನೂರಿನಿಂದ ಕೆಲವೇ ಕಿಲೋಮೀಟರುಗಳಷ್ಟು ದೂರದಲ್ಲಿ ಬೀಳುತ್ತದೆ. ವಿಮಾನವೇನೋ ಗೆರೆ ಹಿಡಿದು ಹಾರುವುದಿಲ್ಲ. ಏರುವಾಗಲೂ ಇಳಿಯುವಾಗಲೂ ಬಳಸಿ ಸಾಗುತ್ತದೆ. ವೇಳಾಪಟ್ಟಿಯ ಸುಮಾರು ಒಂದು ಗಂಟೆಯಲ್ಲಿ ನೆಲದ ಮೇಲಿನ ಓಟವೂ ಸೇರಿರುತ್ತದೆ.

ನೆಲದ ದಾರಿಯ ಕಥೆ ಬೇರೆ. ಬೆಂಗಳೂರಿನಿಂದ ಹೊರಟ ಹೆದ್ದಾರಿ ಕನಕಪುರ, ಮಳವಳ್ಳಿಗಳನ್ನು ಹಾದು, ಕಾವೇರಿಯನ್ನು ದಾಟಿ, ರೇಷ್ಮೆಯ ಊರಾದ ಕೊಳ್ಳೇಗಾಲವನ್ನು ಸೇರುತ್ತದೆ. ಅಲ್ಲಿಂದ ಸುವರ್ಣಾವತಿಯ ದಡದ ಯಳಂದೂರು, ಚಾಮರಾಜನಗರ, ಮುಂದೆ ಕಾಡು. ದಿಂಬಂ ಘಟ್ಟದ 27 ತಿರುವುಗಳಲ್ಲಿ ಲಾರಿಯೊಂದು ಎದುರಾದರೆ ಹಿಂದಿನವರೆಲ್ಲರೂ ಕಾಯಬೇಕು. 2022ರಿಂದ ಅಲ್ಲಿ ರಾತ್ರಿಯ ಸಂಚಾರಕ್ಕೂ ನಿರ್ಬಂಧವಿದೆ. ಕತ್ತಲಾದ ಮೇಲೆ ಆ ದಾರಿ ಆನೆ, ಹುಲಿಗಳದು.

ಈ ಘಟ್ಟವನ್ನು ಕೊಳ್ಳೇಗಾಲದವರ ಹಿರಿಯರು ವಿಹಾರಕ್ಕಾಗಿ ಇಳಿದವರಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು, ಅದರೊಳಗಿನ ಹನೂರೂ ಸೇರಿ, ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮೈಸೂರು ಅರವತ್ತು ಕಿಲೋಮೀಟರಿನ ಆಸುಪಾಸಿನಲ್ಲಿದ್ದರೂ ಜಿಲ್ಲಾ ಕಚೇರಿಯ ಕಾಗದಪತ್ರಕ್ಕೆ ಬೆಟ್ಟ ದಾಟಬೇಕಾಗಿತ್ತು. ಆದರೆ ಕೊಳ್ಳೇಗಾಲದಿಂದ ಹದಿನೈದು ಹದಿನಾರು ಕಿಲೋಮೀಟರು ದೂರದ ಯಳಂದೂರು, ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ದೊರೆತ ಊರು, ಮೈಸೂರು ಸಂಸ್ಥಾನದ್ದು. ಬೆಳಗಿನ ಬುತ್ತಿ ಆರುವ ಮೊದಲೇ ಮುಟ್ಟಬಹುದಾದ ಎರಡು ಊರುಗಳಿಗೆ ಎರಡು ಸರಕಾರ! ದಾರಿಯ ಒಂದು ಕಲ್ಲನ್ನೂ ಕೀಳದೆ, ರಾಜ್ಯ ಪುನರ್ವಿಂಗಡಣೆಯು ಆ ದೂರವನ್ನು ಕುಗ್ಗಿಸಿತು. 1997ರಲ್ಲಿ ಚಾಮರಾಜನಗರವೇ ಜಿಲ್ಲೆಯಾದಾಗ ಜಿಲ್ಲಾ ಕೇಂದ್ರ ಇನ್ನಷ್ಟು ಸಮೀಪಕ್ಕೆ ಬಂದಿತು.

ರೈಲು ಮಾತ್ರ ಕೊಳ್ಳೇಗಾಲಕ್ಕೆ ಇಂದಿಗೂ ಬಂದಿಲ್ಲ. ಕೊಳ್ಳೇಗಾಲದಿಂದ ನೇರ ಗೆರೆಯಲ್ಲಿ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣ ಐವತ್ತು ಕಿಲೋಮೀಟರಿನಷ್ಟೇ. 2010ರಲ್ಲಿ ಅದು ಹೊಸದಾಗಿ ತೆರೆದರೂ ದೂರದೇಶಕ್ಕೆ ಹೋಗುವವರು ದೇವನಹಳ್ಳಿಯನ್ನೇ ನೆಚ್ಚಬೇಕು.

ಹೆದ್ದಾರಿಯಿಂದ ಇಪ್ಪತ್ತೈದು ಕಿಲೋಮೀಟರು ಪೂರ್ವಕ್ಕೆ, ಮಲೆ ಮಹದೇಶ್ವರನ ಬೆಟ್ಟದ ದಾರಿಯಲ್ಲಿರುವ ಹನೂರಿನ ಪಾಡೋ ಇನ್ನೂ ವಿಚಿತ್ರ. ಮಗನನ್ನು ವಿದೇಶಕ್ಕೆ ಬೀಳ್ಕೊಡಲು ಹೊರಟ ಕುಟುಂಬವು ಮೊದಲು ಪಶ್ಚಿಮಕ್ಕೆ ಕೊಳ್ಳೇಗಾಲಕ್ಕೆ ಬಂದು, ಬಳಿಕ ಉತ್ತರಕ್ಕೆ ತಿರುಗಿ, ಬೆಂಗಳೂರನ್ನು ಅಡ್ಡಹಾಯಬೇಕು. ಒಟ್ಟು ಇನ್ನೂರು ಕಿಲೋಮೀಟರು, ನಾಲ್ಕೈದು ಗಂಟೆ. ನಗರದ ವಾಹನದಟ್ಟಣೆಯ ಕೃಪೆಯಿದ್ದರೆ! ಅದಕ್ಕಾಗಿ ಬೆಳಗಿನ ವಿಮಾನಕ್ಕೆ ಹಿಂದಿನ ಸಂಜೆಯೇ ಚಟ್ನಿಪುಡಿ, ಉಪ್ಪಿನಕಾಯಿಗಳ ಗಂಟು ಕಟ್ಟುತ್ತಾರೆ. ವೃದ್ಧರು ಅಂಗಳದಲ್ಲಿಯೇ ಉಳಿಯುತ್ತಾರೆ. ಮೇಲೆ ಯಾವುದಾದರೂ ವಿಮಾನದ ದೀಪ ಮಿನುಗಿದರೆ, “ಇದರಲ್ಲೇ ಹೋಗ್ತಾನೇನೋ” ಎಂದು ಕೇಳುತ್ತಾರೆ. ಹುಡುಗನು ಆ ಹೊತ್ತಿಗೆ ಇನ್ನೂ ಮಳವಳ್ಳಿಯನ್ನೂ ದಾಟಿರುವುದಿಲ್ಲ.