ವೈ-ಫೈ ಹೋಗಿದೆ ಅಂದ್ರೆ ಏನು ಹೋಗಿದೆ?

ಎಂಜಿನಿಯರಿಂಗ್ ಓದ್ತಿದ್ದೀವಿ ಅಂದಮೇಲೆ ಊರಲ್ಲಿ ಮಿಕ್ಸಿಯಿಂದ ಹಿಡಿದು ವೈ-ಫೈವರೆಗೆ ಕೆಟ್ಟಿದ್ದೆಲ್ಲ ನಮ್ಮ ತಲೆಗೇ. ಸಿವಿಲ್‌ನವರನ್ನೂ ಬಿಡೋದಿಲ್ಲ. ನಾವಿಬ್ಬರು ರೂಮ್‌ಮೇಟ್‌ಗಳಂತೂ ಇ ಆ್ಯಂಡ್ ಸಿ, ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ.

ಕಳೆದ ಮಳೆಗಾಲ ನಮ್ಮಲ್ಲೊಬ್ಬನ ಮನೆಗೆ, ಸಾಗರದ ಹತ್ತಿರದ ಒಂದು ಹಳ್ಳಿಗೆ ಹೋಗಿದ್ದೆವು. ಬ್ಯಾಗು ಕೆಳಗಿಡುವ ಮೊದಲೇ ಅಪ್ಪ, "ಕಂಪ್ಯೂಟರಿಗೆ ವೈ-ಫೈ ಹೋಗಿದೆ ಕಣ್ರೋ, ಸ್ವಲ್ಪ ನೋಡಿ" ಅಂದರು. ತಂಗಿಯ ಸಿಇಟಿ ಆಪ್ಷನ್ ಎಂಟ್ರಿಗೆ ಮಾರನೇ ದಿನವೇ ಕಡೆ. ಫೋನಲ್ಲೇ ಮಾಡಬಹುದಿತ್ತು. ಆದರೆ ಎಂಬತ್ತು ಚಿಲ್ಲರೆ ಆಯ್ಕೆಗಳನ್ನು ಆ ಪುಟ್ಟ ಪರದೆಯಲ್ಲಿ ಕ್ರಮವಾಗಿ ಕೂರಿಸಬೇಕು, ಸೀಟು ಹಂಚುವುದು ಆ ಕ್ರಮ ನೋಡಿಯೇ. ಒಂದು ಸಾಲು ಆಚೀಚೆಯಾದರೆ ನಾಲ್ಕು ವರ್ಷ ಬೇರೆಲ್ಲೋ ಕಳೆಯಬೇಕು. ಅಂಗಡಿಯವರು ವಿಷಯ ಕೇಳಿಯೇ, "ಡಾಂಗಲ್ ಸುಟ್ಟಿದೆ, ಹೊಸದು ಹಾಕಿಸಿ" ಅಂದಿದ್ದರಂತೆ.

"ವೈ-ಫೈ ಹೋಗಿದೆ" ಅನ್ನೋದು "ಮೈ ಸರಿಯಿಲ್ಲ" ಅಂದ ಹಾಗೆ. ಎಲ್ಲಿ ಸರಿಯಿಲ್ಲ ಅಂತ ಕೇಳಬೇಕು. ಅದೇ ವೈ-ಫೈನಲ್ಲಿ ಫೋನ್ ಓಡ್ತಿತ್ತು, ಅಂದರೆ ರೂಟರ್, ಲೈನು ಎರಡೂ ಸರಿ. ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಕೆಳಗಿನಿಂದ ಮೇಲಕ್ಕೆ ಹೊರಟೆವು. ಐಪಿ ವಿಳಾಸ 192.168.1.7. ಅದು 169.254 ಅಂತ ಶುರುವಾಗಿದ್ದರೆ ರೂಟರ್ ವಿಳಾಸವನ್ನೇ ಕೊಟ್ಟಿಲ್ಲ ಅಂತ, ಕೊಟ್ಟಿತ್ತು. ರೂಟರಿಗೆ ಪಿಂಗ್ ಮಾಡಿದೆವು, ಉತ್ತರ ಬಂತು. 8.8.8.8ಕ್ಕೆ ಮಾಡಿದೆವು, ಬಂತು. ಅಂದರೆ ಮನೆಯಾಚೆಗೂ ದಾರಿ ಇದೆ. ಹೆಸರು ಹಾಕಿ ಮಾಡಿದರೂ ಬಂತು, ಡಿಎನ್‌ಎಸ್ ಕೂಡ ಗಟ್ಟಿಯಾಗಿದೆ. ಇಂಟರ್ನಲ್ಸ್‌ಗೆ ಉರು ಹೊಡೆದ ಓಎಸ್‌ಐ ಏಳು ಪದರಗಳು ಇಷ್ಟು ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಸುಟ್ಟ ಡಾಂಗಲ್ ಇಷ್ಟೆಲ್ಲ ಮಾಡುತ್ತಾ ಮಾರಾಯ್ರೆ?

ಹಾಗಾದರೆ ಏನಾಗ್ತಿದೆ ಅಂತ ತಂಗಿಯ ಹತ್ತಿರವೇ ಸೈಟು ತೆರೆಸಿದೆವು. ಪರದೆ ತುಂಬ ಎಚ್ಚರಿಕೆ. ಅವಳು ಥಟ್ಟನೆ ಮುಚ್ಚಿಬಿಟ್ಟಳು. "ಅದು ವೈರಸ್ ಅಣ್ಣ, ಒತ್ತಬಾರದಂತೆ." ಮತ್ತೆ ತೆರೆಸಿ ಓದಿದರೆ ಬ್ರೌಸರು ಪಾಪ ಸರಿಯಾಗಿಯೇ ಹೇಳ್ತಿತ್ತು: ನಿಮ್ಮ ಗಡಿಯಾರ ಹಿಂದಿದೆ. ಮೂಲೆಯಲ್ಲಿ ನೋಡಿದರೆ 2014ರ ಜನವರಿ 1!

ಪ್ರತಿ ಸುರಕ್ಷಿತ ಸೈಟಿಗೂ ಒಂದು ಸರ್ಟಿಫಿಕೇಟ್, ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ. 2014ರಲ್ಲಿ ಕೂತ ಕಂಪ್ಯೂಟರಿಗೆ ಆ ಅವಧಿ ಇನ್ನೂ ಶುರುವೇ ಆಗಿಲ್ಲ, ನಂಬುವುದಾದರೂ ಹೇಗೆ? ಅದಕ್ಕೇ ಬಾಗಿಲು ಹಾಕಿಕೊಂಡಿತ್ತು. ಗಡಿಯಾರ ಹಿಂದೆ ಹೋದದ್ದು ಮದರ್‌ಬೋರ್ಡಿನ ನಾಣ್ಯದಂಥ ಸೆಲ್ಲಿನಿಂದ. ಸಿಆರ್2032, ಮೂರು ವೋಲ್ಟಿನದು. ಪ್ಲಗ್‌ನಲ್ಲಿ ಕರೆಂಟ್ ಇರುವವರೆಗೆ ಅದರ ಸುದ್ದಿಗೆ ಯಾರೂ ಹೋಗೋದಿಲ್ಲ. ಆದರೆ ಮಲೆನಾಡಿನಲ್ಲಿ ಸಿಡಿಲು ಗುಡುಗು ಶುರುವಾದರೆ ಎಲ್ಲ ಪ್ಲಗ್ ಕಿತ್ತಿಡುತ್ತಾರೆ, ಕೀಳಲೇಬೇಕು. ಆಮೇಲೆ ಕಾಲ ಎಣಿಸುವುದು ಆ ಸೆಲ್ ಒಂದೇ. ಅದು ಸತ್ತಿತ್ತು.

ಅಪ್ಪ ಎಲ್ಲ ಕೇಳಿಸಿಕೊಂಡು, "ಅಂದ್ರೆ ಡಾಂಗಲ್ಲಿಗೆ ದುಡ್ಡು ಕೊಡೋದು ಬೇಡ ಅಲ್ವಾ?" ಅಂದರು.

ಸೆಲ್ ಬೆಳಿಗ್ಗೆ ಪೇಟೆಯ ವಾಚ್ ರಿಪೇರಿ ಅಂಗಡಿಯಲ್ಲಿ ತಂದರಾಯಿತು ಅಂತ ಸದ್ಯಕ್ಕೆ ದಿನಾಂಕವನ್ನು ಕೈಯಲ್ಲೇ ಸರಿಮಾಡಿ ರಾತ್ರಿ ಊಟವಾದ ಮೇಲೆ ಕೂತೆವು. ನಡುವೆ ಎರಡು ಸಲ ಕರೆಂಟು ಹೋಯಿತು. ಎರಡು ಸಲವೂ 2014ರಿಂದ ಈ ವರ್ಷಕ್ಕೆ ಬಂದು, ಮತ್ತೆ ಲಾಗಿನ್ ಆಗಿ, ಎಲ್ಲಿಯವರೆಗೆ ಉಳಿದಿದೆ ನೋಡಿ ಮುಂದುವರಿಸಿದೆವು. ನಾವು ಹಾಳೆ ನೋಡಿ ಓದುವುದು, ಅವಳು ಒತ್ತುವುದು. ನಮ್ಮ ಕಾಲೇಜು, ನಮ್ಮದೇ ಬ್ರಾಂಚು ಮೂವತ್ತೊಂದನೇ ಸಾಲಿನಲ್ಲಿತ್ತು. ಓದಿದೆವು. ಅವಳು ತಲೆಯೆತ್ತದೆ ಒತ್ತಿದಳು, "ಮುಂದೆ ಓದು" ಅಂದಳು.