ಲಂಕೆಯಲ್ಲಿ ನೆನಪಾದ ಕೊಳಗ

'ಎಲ್ಲಿದ್ದೀಯೋ ಈಗ?' ಅಂತ ಊರಿನವರು ಕೇಳಿದಾಗ 'ಲಂಕಾದಲ್ಲಿ' ಅಂದರೆ ಎಲ್ಲರಿಗೂ ನಗು. ಸಾಗರದ ಹುಡುಗ ಸಾಗರ ಹಾರಿದ ಅನ್ನೋ ತಮಾಷೆ. ನಿಜ ಹೇಳಬೇಕೆಂದರೆ ಕಾಶಿಯೊಳಗೇ ಒಂದು ಲಂಕೆಯಿದೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಿಂಹದ್ವಾರದ ಎದುರಿನ ಪೇಟೆ ಅದು. 1916ರಲ್ಲಿ ಸ್ಥಾಪನೆಯಾದ ಆ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ಅಲ್ಲಿಗೆ ಹೋದ ಕನ್ನಡಿಗ ಮೊದಲ ವಾರದಲ್ಲೇ ಈ ಸಂಗತಿಯನ್ನು ಹತ್ತು ಜನರಿಗೆ ಹೇಳಿರುತ್ತಾನೆ. ನಾನೂ ಹೇಳಿದ್ದೆ.

2003ರಲ್ಲಿ ಎಂ.ಎಸ್ಸಿ. ಓದಲು ಸಂಘಮಿತ್ರಾ ಎಕ್ಸ್‌ಪ್ರೆಸ್ ಹತ್ತಿ, ಎರಡು ರಾತ್ರಿ ಕಳೆದು ಮೊಘಲ್‌ಸರಾಯ್‌ನಲ್ಲಿ ಇಳಿದಾಗ ನನ್ನ ಬಳಿ ಟ್ರಂಕಿನ ಜೊತೆಗೆ ಒಂದಿಷ್ಟು ಹೆಮ್ಮೆಯೂ ಇತ್ತು. ಲಂಕಾದ ಬೀದಿ ನೋಡಿ ಅದು ಇನ್ನೂ ಹೆಚ್ಚಾಯಿತು. ಮೂರು ಜನರನ್ನು ಕೂರಿಸಿಕೊಂಡು ಏದುಸಿರು ಬಿಡುತ್ತ ಸೈಕಲ್ ರಿಕ್ಷಾ ತುಳಿಯುವ ಮುದುಕರು. ಆಸ್ಪತ್ರೆಗೆ ಬಿಹಾರದಿಂದ ರೋಗಿಗಳನ್ನು ಕರೆತಂದು, ಗಂಟುಮೂಟೆ ತಲೆಗಿಟ್ಟುಕೊಂಡು ರಸ್ತೆ ಬದಿಯಲ್ಲಿ ಮಲಗಿದವರು. 'ಇಲ್ಲಿ ಮನುಷ್ಯನಿಗೆ ಬೆಲೆಯೇ ಇಲ್ಲ. ನಮ್ಮ ಕಡೆ ಹೀಗಿಲ್ಲಪ್ಪ' ಅಂತ ಮನೆಗೆ ಪತ್ರ ಬರೆದೆ. ನಂಬಿಯೇ ಬರೆದಿದ್ದೆ.

ಸಂಜೆ ಚಹಾ ಕುಡಿಯಲು ಒಂದು ಅಂಗಡಿಗೆ ಹೋಗುತ್ತಿದ್ದೆ. ಮಣ್ಣಿನ ಕುಲ್ಹಡ್‌ನಲ್ಲಿ ಚಹಾ. ಕುಡಿದು ಎಸೆದರೆ ಆಯಿತು. ಪ್ರೊಫೆಸರರಿಗೂ ರಿಕ್ಷಾದವನಿಗೂ ಒಂದೇ ಬೆಂಚು, ಒಂದೇ ಕುಲ್ಹಡ್. ನಮ್ಮ ಹಾಸ್ಟೆಲ್ಲಿನ ಹುಡುಗರು ರಿಕ್ಷಾದವರನ್ನು 'ಚಾಚಾ' ಅನ್ನುತ್ತಿದ್ದರು. ಐದು ರೂಪಾಯಿಗೆ ಜಗಳ ಆಡುವಾಗಲೂ ಚಾಚಾನೇ. ಇದನ್ನು ಮೆಚ್ಚಿ ಏನೋ ಹೇಳಿದಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ನಕ್ಕರು. 'ಬೇಟಾ, ಒಬ್ಬರ ಎಂಜಲು ಇನ್ನೊಬ್ಬರಿಗೆ ತಾಗಬಾರದು ಅನ್ನೋ ಮಡಿಗೂ ಈ ಕುಲ್ಹಡ್ ಒದಗಿದ್ದೇ. ಸಂತ ರವಿದಾಸರು ಹುಟ್ಟಿದ ಸೀರ್ ಗೋವರ್ಧನ್ ಇಲ್ಲೇ ಹತ್ತಿರ. ಅವರ ಹೆಸರಿನ ದ್ವಾರ ಈ ಲಂಕಾದಲ್ಲೇ ಇದೆ. ಆದರೂ ಜಾತಿ ಎಲ್ಲಿ ಹೋಗಿದೆ?' ಅಂದರು. ಆಮೇಲೆ ನನ್ನ ಊರು ಕೇಳಿದರು.

ಶಿವಮೊಗ್ಗ ಜಿಲ್ಲೆ, ಸಾಗರ ತಾಲ್ಲೂಕು ಅಂದೆ. ಯಾರಿಗೂ ಗೊತ್ತಿರಲಿಕ್ಕಿಲ್ಲ ಎಂದುಕೊಂಡೇ ಹೇಳಿದ್ದು. ಅವರು ಕುಲ್ಹಡ್ ಕೆಳಗಿಟ್ಟು, 'ಸಾಗರ್? ಕಾಗೋಡು ಇರೋದು ಅಲ್ಲೇ ಅಲ್ವಾ? ನಮ್ಮ ಲೋಹಿಯಾಜಿಯನ್ನು ಅರೆಸ್ಟ್ ಮಾಡಿದ್ದು ಅಲ್ಲೇ!' ಅಂದರು. ರಾಮಮನೋಹರ ಲೋಹಿಯಾ ಇಂಟರ್‌ಮೀಡಿಯೆಟ್ ಓದಿದ್ದು ಇದೇ ವಿಶ್ವವಿದ್ಯಾಲಯದಲ್ಲಿ. ಈ ಹಿರಿಯರು ಹಳೇ ಸಮಾಜವಾದಿ. 1951ರ ಕಾಗೋಡು ಸತ್ಯಾಗ್ರಹದ ಕಥೆಯನ್ನು ಕಾಗೋಡಿನ ಪಕ್ಕದವನಾದ ನನಗೆ ಅವರು ಹಿಂದಿಯಲ್ಲಿ ಹೇಳಿದರು. ಒಡೆಯರು ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದು ಅಂತ ದೀವರ ಒಕ್ಕಲುಗಳು ತಕರಾರು ತೆಗೆದದ್ದು, ಅವರನ್ನು ಗದ್ದೆಯಿಂದ ಹೊರಗಟ್ಟಿದ್ದು, ಅವರು ಮತ್ತೆ ಗದ್ದೆಗಿಳಿದು ಜೈಲಿಗೆ ಹೋದದ್ದು.

ನಾನು ಸುಮ್ಮನೆ ಕೂತಿದ್ದೆ. ಶಾಂತವೇರಿ ಗೋಪಾಲಗೌಡರ ಹೆಸರು ಕೇಳಿದ್ದೆ, ಕಾಗೋಡು ಎಂದೂ ಕೇಳಿದ್ದೆ. ಆದರೆ ನಮ್ಮ ಮನೆಯ ಜಗಲಿಯಲ್ಲಿ ಆ ಮಾತು ಬಂದದ್ದೇ ಇಲ್ಲ. ಯಾಕೆ ಬರಲಿಲ್ಲ ಅನ್ನೋದು ಅವತ್ತು ರಾತ್ರಿ ತಿಳಿಯಿತು. ನಮ್ಮ ಅಟ್ಟದಲ್ಲಿ ಎರಡು ಕೊಳಗ ಇದ್ದವು. ಚಿಕ್ಕವನಿದ್ದಾಗ ಒಂದರೊಳಗೆ ಒಂದು ಇಟ್ಟು ಆಡುತ್ತಿದ್ದೆ. ಒಂದರೊಳಗೆ ಒಂದು ಹಿಡಿಯುತ್ತಿತ್ತು. ಯಾಕೆ ಹಿಡಿಯುತ್ತಿತ್ತು ಎಂದು ಇಪ್ಪತ್ತೆರಡು ವರ್ಷ ಕೇಳಿರಲಿಲ್ಲ.

ಆಮೇಲೆ ಒಂದೊಂದೇ ನೆನಪಾಯಿತು. ನಮ್ಮ ತೋಟದಲ್ಲಿ ಅಡಿಕೆ ಕೊನೆ ತೆಗೆಯುತ್ತಿದ್ದ ಒಬ್ಬನಿದ್ದ. ಹೆಸರು ಬರೆದರೆ ಅವನ ಮಕ್ಕಳಿಗೆ ಮುಜುಗರವಾದೀತು, ಬೇಡ. ನನಗಿಂತ ನಲವತ್ತು ವರ್ಷ ದೊಡ್ಡವನು, ನಾನು 'ಬಾರೋ, ಹೋಗೋ' ಅನ್ನುತ್ತಿದ್ದೆ. ಅವನು ನನ್ನನ್ನು 'ಸಣ್ಣಯ್ಯ' ಅನ್ನುತ್ತಿದ್ದ. ಹಿತ್ತಿಲಲ್ಲಿ ಅವನಿಗೊಂದು ಬೇರೆ ಲೋಟ. ಅವನೇ ತೊಳೆದು ಬೇಲಿಗೆ ಸಿಕ್ಕಿಸಿಡಬೇಕು. ಮನೆಯಲ್ಲಿ ಅವನ ಬಗ್ಗೆ ಒಂದೇ ಮಾತು: 'ನಿಯತ್ತಿನ ಮನುಷ್ಯ.' ಭೂಸುಧಾರಣೆ ಕಾನೂನಿಗೆ 1974ರಲ್ಲಿ ತಿದ್ದುಪಡಿಯಾಗಿ ಗೇಣಿದಾರರೆಲ್ಲ ಡಿಕ್ಲರೇಶನ್ ಹಾಕಿದಾಗ, ಇವನು ಮಾತ್ರ ಹಾಕದೆ ತಾನು ಉಳುತ್ತಿದ್ದ ಎರಡು ಎಕರೆ ಬಿಟ್ಟುಕೊಟ್ಟಿದ್ದ. ಹಾಕಿದವರು 'ಉಂಡ ಮನೆಗೆ ಎರಡು ಬಗೆದವರು'. ನಾನು ಈ ಕಥೆ ಕೇಳಿಯೇ ಬೆಳೆದೆ. ಕೇಳಿ ಖುಷಿಪಟ್ಟೂ ಇದ್ದೆ.

ಎಸ್‌ಟಿಡಿ ಬೂತಿನಿಂದ ಅಪ್ಪನಿಗೆ ಫೋನ್ ಮಾಡಿದೆ.

'ಅದೆಲ್ಲ ಈಗ ಎಂತಕ್ಕೆ ಮಾರಾಯ? ಅವನು ಹಾಕದೇ ಇದ್ದಿದ್ದು ಅವನ ಒಳ್ಳೇತನ.'

'ನಾವು ಇಟ್ಟುಕೊಂಡಿದ್ದು, ಅಪ್ಪಾ?'

ಮೀಟರು ಓಡುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅಪ್ಪ, 'ಅಲ್ಲಿ ಚಳಿ ಜೋರಾ?' ಅಂದರು.

ಬೇಸಿಗೆ ರಜೆಗೆ ಬಂದವನು ಅವರ ಮನೆಗೆ ಹೋದೆ. ನಮ್ಮ ಮನೆಯಿಂದ ಅರ್ಧ ಮೈಲಿ, ಆದರೆ ಅದೇ ಮೊದಲ ಸಲ. 'ನೀವು ಯಾಕೆ ಡಿಕ್ಲರೇಶನ್ ಹಾಕಲಿಲ್ಲ?' ಅಂತ ಕೇಳಿದೆ. ಅವರು ಗಾಬರಿಯಾದದ್ದು ಪ್ರಶ್ನೆಗಲ್ಲ, 'ನೀವು' ಎಂದಿದ್ದಕ್ಕೆ.

'ನಿಯತ್ತು ಗಿಯತ್ತು ಅಲ್ಲ ಸಣ್ಣಯ್ಯ. ಹೆಂಡ್ತಿ ಬಸುರಿ. ರಾತ್ರಿ ಹೊತ್ತು ಹೆಚ್ಚುಕಮ್ಮಿ ಆದ್ರೆ ಗಾಡಿ ಇದ್ದಿದ್ದು ನಿಮ್ಮ ಅಜ್ಜಯ್ಯನ ಮನೇಲಿ ಮಾತ್ರ. ಹಾಕಿದ್ರೆ ಕೊಡ್ತಿದ್ರಾ? ಅಂಜಿಕೆ ಆಯ್ತು, ಬಿಟ್ಟೆ.'

ಅವರ ಹೆಂಡತಿ ಬಾಗಿಲಲ್ಲಿ ನಿಂತು, 'ನಮ್ಮನೇಲಿ ಕಾಪಿ ಕುಡೀತ್ರಾ?' ಅಂತ ಕೇಳಿದರು. ಕುಡಿದೆ. ಎದ್ದು ಲೋಟ ತೊಳೆಯಲು ಹೋದರೆ ಇಬ್ಬರೂ ತಡೆದರು. ಆ ತಡೆಯುವಿಕೆಯಲ್ಲಿ ಪ್ರೀತಿ ಎಷ್ಟು, ಹಳೇ ಅಂಜಿಕೆ ಎಷ್ಟು, ನನಗೆ ತಿಳಿಯಲಿಲ್ಲ.

ಇದರಿಂದ ಏನಾಯಿತು ಅಂತ ನೀವು ಕೇಳಬಹುದು. ಗದ್ದೆ ಅವರಿಗೆ ಹೋಗಲಿಲ್ಲ. ಅಪ್ಪ ಒಪ್ಪಲಿಲ್ಲ, ನಾನೂ ಹಟ ಹಿಡಿಯಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಕೇಳುವವರು ಯಾರೂ ಇರಲಿಲ್ಲ, ಆದರೂ ಕೊಡಲಿಲ್ಲ. ಅಷ್ಟು ಹೊತ್ತಿಗೆ ಅದು ತೋಟವಾಗಿತ್ತು, ಅಡಿಕೆಗೆ ರೇಟು ಬಂದಿತ್ತು. ಅವರ ಮಗ ಶಿವಮೊಗ್ಗದಲ್ಲಿ ಗ್ಯಾರೇಜು ಇಟ್ಟು ಚೆನ್ನಾಗಿದ್ದಾನೆ ಅನ್ನೋದು ನನಗೆ ನಾನೇ ಹೇಳಿಕೊಳ್ಳುವ ಸಮಾಧಾನ. ಮುಂದೆ ಅವನ ಹೆಸರು ಬಂದಾಗಲೆಲ್ಲ ಅಪ್ಪನ ಮಾತೇ ನನ್ನ ಬಾಯಿಗೂ ಬಂದೀತು ಅಂತ ಭಯವಾಗುತ್ತದೆ.

ಪರಸ್ಥಳಕ್ಕೆ ಹೋದವನಿಗೆ ಮೊದಲು ಕಾಣುವುದು ಆ ಊರಿನ ಬಡತನ, ಯಾಕೆಂದರೆ ಅದಕ್ಕೂ ತನಗೂ ಲೆಕ್ಕದ ಬಾಕಿ ಇರುವುದಿಲ್ಲ. ಲಂಕಾದ ರಿಕ್ಷಾದ ಮುದುಕನಿಗಾಗಿ ಮರುಗುವುದು ನನಗೆ ಸುಲಭವಿತ್ತು. ಐದು ರೂಪಾಯಿ ಹೆಚ್ಚು ಕೊಟ್ಟರೆ ಮುಗಿಯುತ್ತಿತ್ತು. ಈಗಲೂ ವರ್ಷಕ್ಕೊಮ್ಮೆ ಅಟ್ಟ ಗುಡಿಸುವಾಗ ಆ ಎರಡು ಕೊಳಗ ಕೈಗೆ ಸಿಗುತ್ತವೆ. ಹಳೇ ಸಾಮಾನು ಕೊಳ್ಳುವವರು ಒಳ್ಳೇ ಬೆಲೆ ಹೇಳಿದ್ದರು. ಕೊಟ್ಟಿಲ್ಲ. ಒಂದರೊಳಗೆ ಒಂದು ಇಡುವುದನ್ನು ಮಾತ್ರ ಬಿಟ್ಟಿದ್ದೇನೆ, ಪಕ್ಕಪಕ್ಕದಲ್ಲೇ ಇಟ್ಟಿದ್ದೇನೆ. ಮಗಳು ಯಾವತ್ತಾದರೂ ನೋಡಿ ಕೇಳಲಿ ಅಂತ.