ಮಾಸ್ತಿಕಟ್ಟೆಯ ಹಳೆಯ ಟ್ರ್ಯಾಕ್ಟರು

ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿ ದಾಟಿ ಬಾಳೆಬರೆ ಘಾಟಿ ಹತ್ತಿದರೆ ಹುಲಿಕಲ್ ಸಿಗುತ್ತದೆ. ಅಲ್ಲಿಂದ ಸ್ವಲ್ಪ ಮುಂದೆ ಹೊಸನಗರ ತಾಲೂಕಿನ ಮಾಸ್ತಿಕಟ್ಟೆ. ವಾರಾಹಿ ಜಲವಿದ್ಯುತ್ ಯೋಜನೆಗಾಗಿ ಕಟ್ಟಿದ ವಿದ್ಯುತ್ ನಿಗಮದ ಕಾಲೊನಿಯಿಂದಾಗಿ ಈ ಊರಿನ ಹೆಸರು ಹೊರಗಿನವರಿಗೆ ಪರಿಚಯ. ಮಾಣಿ ಅಣೆಕಟ್ಟಿನ ನೀರು ಘಾಟಿಯ ಕೆಳಗಿನ ಭೂಗರ್ಭ ವಿದ್ಯುದಾಗಾರಕ್ಕೆ ಇಳಿಯುತ್ತದೆ. 2009ರಲ್ಲಿ ಇನ್ನೆರಡು ಘಟಕಗಳು ಸೇರಿದ ಮೇಲೆ ಅದರ ಸಾಮರ್ಥ್ಯ 460 ಮೆಗಾವ್ಯಾಟ್ ಆಯಿತು.

ಇಷ್ಟೆಲ್ಲ ನೀರು ಕೊಡುವುದು ಇಲ್ಲಿನ ಮಳೆ. ಹುಲಿಕಲ್ ಸುತ್ತಮುತ್ತ ವರ್ಷಕ್ಕೆ 6000 ಮಿ.ಮೀ. ದಾಟುವುದು ಹೊಸದೇನಲ್ಲ. ಆದರೆ ಇದೇ ಮಳೆ ಯಂತ್ರಗಳಿಗೆ ಶತ್ರು. ನಾಟಿ ಮುಗಿದ ಮೇಲೆ ಟ್ರ್ಯಾಕ್ಟರು ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಲ್ಲುತ್ತದೆ. ಹೊಗೆ ಕೊಳವೆಯ ಮೂಲಕ ಒಳಗೆ ಸೇರಿದ ತೇವ ಸಿಲಿಂಡರಿನ ಗೋಡೆಗೆ ತುಕ್ಕು ಹಿಡಿಸುತ್ತದೆ. ಬೇಸಿಗೆ ಬಂತೆಂದರೆ ಕೆಂಪು ಮಣ್ಣಿನ ಧೂಳು. ಏರ್ ಕ್ಲೀನರ್ ಶುಚಿಯಾಗಿರದಿದ್ದರೆ ಆ ಧೂಳು ಒಳಗೆ ಹೋಗಿ ಅರದಂತೆ ಲೋಹವನ್ನು ಉಜ್ಜುತ್ತದೆ.

ಕಳೆದ ಬೇಸಿಗೆಯಲ್ಲಿ ಮಾಸ್ತಿಕಟ್ಟೆಯ ಹತ್ತಿರ ಪರಿಚಯದವರ ಮನೆಗೆ ಹೋಗಿದ್ದೆವು. ಜಗಲಿಯ ಮೂಲೆಯಲ್ಲಿ ಮೂರು ಕಬ್ಬಿಣದ ಕೊಳವೆಗಳಿದ್ದವು. ಒಂದೊಂದೂ ಒಂದು ಗೇಣು ಉದ್ದ. ಇದೇನೆಂದು ಕೇಳಿದಾಗ ಮನೆಯೊಡತಿ ನಕ್ಕರು. “ನಮ್ಮ ಟ್ರ್ಯಾಕ್ಟರಿನ ಹಳೆಯ ಸ್ಲೀವ್ ಆಪಾ. ಒಳಗೆ ಬೆರಳಿಟ್ಟು ನೋಡಿ” ಎಂದರು. ಬಾಯಿಯ ಹತ್ತಿರ ಬೆರಳಿಗೆ ಒಂದು ಏಣು ತಗುಲಿತು. ಪಿಸ್ಟನ್ನಿನ ರಿಂಗು ಆ ಏಣಿನವರೆಗೆ ಮೇಲೇರಿ ಮರಳುತ್ತದೆ. ಅದು ಓಡಾಡುವ ಜಾಗವೆಲ್ಲ ಸವೆದಿದೆ, ಅದರ ಮೇಲಿನ ಅಂಚು ಮಾತ್ರ ಸವೆಯದೆ ಹಾಗೇ ಉಳಿದಿದೆ.

ಹೊಲಿಗೆ ಬಲ್ಲ ಸಹೋದರಿಯರಿಗೆ ಸ್ಲೀವ್ ಎಂದರೆ ರವಿಕೆಯ ತೋಳು. ಎಂಜಿನ್ನಿನಲ್ಲಿಯೂ ಅರ್ಥ ಹೆಚ್ಚು ಕಡಿಮೆ ಅದೇ. ಬ್ಲಾಕಿನ ರಂಧ್ರದೊಳಗೆ ಬಿಗಿಯಾಗಿ ಕೂರುವ ಕಬ್ಬಿಣದ ತೋಳು ಅದು. ಅದರೊಳಗೆ ಪಿಸ್ಟನ್ ಓಡಾಡುತ್ತದೆ. ತೋಳು ಸವೆದರೆ ಆಯಿಲ್ ಮೇಲೇರಿ ಉರಿದು ನೀಲಿ ಹೊಗೆ ಬರುತ್ತದೆ, ಎಳೆಯುವ ಶಕ್ತಿ ಕುಂದುತ್ತದೆ, ಬೆಳಿಗ್ಗೆ ಸ್ಟಾರ್ಟ್ ಆಗಲು ಹಟ ಮಾಡುತ್ತದೆ.

ಆ ಮನೆಯಲ್ಲೂ ಹಾಗೆಯೇ ಆಗಿತ್ತು. ಹಳೆಯದನ್ನು ಗುಜರಿಗೆ ಹಾಕಿ, ಸಾಲ ಮಾಡಿ ಹೊಸದನ್ನು ತರೋಣವೆಂದು ಗಂಡನ ಯೋಚನೆ. “ಬಡ್ಡಿಯ ಸಾಲ ನಮ್ಮ ಮನೆಗೆ ಬೇಡ. ನನ್ನ ಬಳೆ ಬೇಕಾದರೆ ಮಾರಿ, ಎಂಜಿನ್ ಕೆಲಸ ಮಾಡಿಸಿ ಎಂದೆ” ಎಂದರು ಆಕೆ. ಕೊನೆಗೆ ಒಂದು ಜೊತೆ ಬಳೆ ಹೋಯಿತು, ಟ್ರ್ಯಾಕ್ಟರು ಉಳಿಯಿತು. ಬಳೆಯನ್ನು ಮತ್ತೆ ಮಾಡಿಸಬಹುದು, ಬಡ್ಡಿಯ ಬಲೆಯಿಂದ ಹೊರಬರುವುದು ಸುಲಭವಲ್ಲ ಎಂಬುದು ಆಕೆಯ ಲೆಕ್ಕ.

ಬ್ಲಾಕನ್ನು ಶಿವಮೊಗ್ಗಕ್ಕೆ ಒಯ್ದರು. ಬೋರಿಂಗ್ ಕೆಲಸದ ಜೀವಾಳ ಅಳತೆ. ಸಿಲಿಂಡರಿನ ಮೇಲೆ, ನಡುವೆ, ಕೆಳಗೆ, ಅಡ್ಡಕ್ಕೂ ಉದ್ದಕ್ಕೂ ಗೇಜ್ ಇಟ್ಟು ನೋಡಬೇಕು. ಹಳೆಯ ಮ್ಯಾಸ್ಸಿ ಫರ್ಗ್ಯುಸನ್ ಟ್ರ್ಯಾಕ್ಟರುಗಳಲ್ಲಿ ಬಂದ 3 ಸಿಲಿಂಡರಿನ ಪರ್ಕಿನ್ಸ್ ಎಂಜಿನ್ನಿನ ಬೋರು 91.44 ಮಿ.ಮೀ. ದಶಾಂಶದ ನಂತರದ ಆ ಅಂಕೆಗಳೇ ಇಲ್ಲಿ ಮುಖ್ಯ. ಹಳೆಯ ತೋಳನ್ನು ಒತ್ತಿ ತೆಗೆದು, ಬ್ಲಾಕಿನ ಗೂಡನ್ನು ಪರೀಕ್ಷಿಸಿ, ಹೊಸದನ್ನು ಪ್ರೆಸ್‌ನಲ್ಲಿ ಕೂರಿಸುತ್ತಾರೆ. ಆಮೇಲೆ ಬೋರಿಂಗ್ ಯಂತ್ರದಲ್ಲಿ ಪಿಸ್ಟನ್ನಿನ ಅಳತೆಗೆ ಕೊರೆಯುತ್ತಾರೆ. ಕೊನೆಗೆ ಹೋನಿಂಗ್. ನುಣ್ಣಗಾದ ರುಬ್ಬುವ ಕಲ್ಲಿಗೆ ಉಳಿಯಿಂದ ಕುಟ್ಟಿಸಿ ತರಿ ಮಾಡಿಸುವುದಿಲ್ಲವೇ? ಹಾಗೆಯೇ ಗೋಡೆಯ ಮೇಲೆ ಸೂಕ್ಷ್ಮವಾದ ಅಡ್ಡಗೆರೆಗಳನ್ನು ಮೂಡಿಸುತ್ತಾರೆ. ಆ ಗೆರೆಗಳಲ್ಲಿ ಆಯಿಲ್ ನಿಂತು ಪಿಸ್ಟನ್ನನ್ನು ಕಾಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ತೋಳಿನ ಹೊರಮೈಗೇ ನೀರು ತಾಗುತ್ತದೆ. ಅವುಗಳಲ್ಲಿ ಸಾಮಾನ್ಯವಾಗಿ ಕೊರೆಯುವ ಕೆಲಸವಿಲ್ಲ, ಸಿದ್ಧ ತೋಳನ್ನು ರಬ್ಬರ್ ರಿಂಗಿನೊಂದಿಗೆ ಬದಲಿಸಿದರೆ ಸಾಕು.

ಸಿಲಿಂಡರು-ಪಿಸ್ಟನ್ನಿನ ವಿದ್ಯೆ ಮುಸ್ಲಿಮರಿಗೆ ಪರಕೀಯವಲ್ಲ. ಇಂದಿನ ತುರ್ಕಿಯ ದಿಯಾರ್‌ಬಕಿರ್‌ನಲ್ಲಿದ್ದ ಅಲ್-ಜಝರಿ 1206ರಲ್ಲಿ ಮುಗಿಸಿದ ಯಂತ್ರಗಳ ಗ್ರಂಥದಲ್ಲಿ, ಎರಡು ಸಿಲಿಂಡರುಗಳ ಪಿಸ್ಟನ್ನುಗಳಿಂದ ನೀರೆತ್ತುವ ಪಂಪಿನ ವಿವರವಿದೆ. ಸಿಲಿಂಡರನ್ನು ಕರಾರುವಾಕ್ಕಾಗಿ ಕೊರೆಯುವ ಯಂತ್ರ ಬಂದದ್ದು ಬಹಳ ತಡವಾಗಿ. 1774ರಲ್ಲಿ ಇಂಗ್ಲೆಂಡಿನ ಜಾನ್ ವಿಲ್ಕಿನ್ಸನ್ ಫಿರಂಗಿ ಕೊರೆಯಲು ಹೊಸ ವಿಧಾನ ಕಂಡುಹಿಡಿದ. ಅವನು ಕೊರೆದುಕೊಟ್ಟ ಸಿಲಿಂಡರುಗಳಿಂದಲೇ ಜೇಮ್ಸ್ ವಾಟ್‌ನ ಉಗಿಯಂತ್ರ ಕೈಗೂಡಿತು.

ಇಂಥ ಕೆಲಸದಲ್ಲಿ ಮೋಸ ಕಣ್ಣಿಗೆ ಕಾಣುವುದಿಲ್ಲ. ಕೂದಲೆಳೆಗಿಂತ ಕಡಿಮೆ ವ್ಯತ್ಯಾಸವಾದರೂ ಪಿಸ್ಟನ್ ಹಿಡಿದುಕೊಳ್ಳಬಹುದು. ಹಾಗೆಂದೇ ಆಕೆ ಹಳೆಯ ಸ್ಲೀವುಗಳನ್ನೂ, ಅಳತೆ ಬರೆದ ಚೀಟಿಯನ್ನೂ ಕೇಳಿ ತರಿಸಿಕೊಂಡಿದ್ದರು. ಎಂಜಿನ್ ಕೂಡಿಸಿದ ಮೇಲೆ ಮೊದಲ ಐವತ್ತು ಗಂಟೆ ಭಾರದ ಕೆಲಸ ಬೇಡ, ಆಮೇಲೆ ಆಯಿಲ್ ಬದಲಿಸಿ ಎಂದು ಮೇಸ್ತ್ರಿ ಹೇಳಿದ್ದರಂತೆ. ಓಡಿದ ಗಂಟೆಗಳನ್ನು ಆಕೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾರೆ. ಮಳೆಗಾಲದಲ್ಲಿ ಹೊಗೆ ಕೊಳವೆಗೆ ಡಬ್ಬಿ ಮುಚ್ಚುವುದೂ, ಆಗಾಗ ಎಂಜಿನ್ ಬಿಸಿಯಾಗುವಷ್ಟು ಓಡಿಸಲು ನೆನಪಿಸುವುದೂ ಅವರೇ.

ಅಳತೆಯಲ್ಲಿ ಕಡಿತ ಮಾಡುವವರ ಹೆಸರಿನಲ್ಲೇ ಪವಿತ್ರ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ. ಅದು ತಕ್ಕಡಿಗೆ ಮಾತ್ರವಲ್ಲ, ಮೇಸ್ತ್ರಿಯ ಗೇಜಿಗೂ, ದುಡ್ಡು ಕೊಡುವ ನಮ್ಮ ಕೈಗೂ ಅನ್ವಯಿಸುತ್ತದೆ. ಕೆಲಸ ಸರಿಯಾಗಿದ್ದರೆ ಅವನ ಕೂಲಿಯಲ್ಲಿ ಚೌಕಾಶಿ ಮಾಡಬಾರದು. ಆ ಮನೆಯವರು ಮಾಡಲೂ ಇಲ್ಲ.